ಇಂಚು, ಸೆಂಟು, ನೋಡುವ

ಕೊಡಗಿನಲ್ಲಿ ಜಾಗವನ್ನು ಸೆಂಟಿನಲ್ಲಿ ಅಳೆಯುತ್ತಾರೆ, ಮಳೆಯನ್ನೂ ಸೆಂಟಿನಲ್ಲೇ ಅಳೆಯುತ್ತಾರೆ. ಎಕರೆಯ ನೂರರಲ್ಲೊಂದು ಪಾಲು ಒಂದು ಸೆಂಟ್. ಇಂಚಿನ ನೂರರಲ್ಲೊಂದು ಪಾಲೂ ಒಂದು ಸೆಂಟ್. ಕಾಫಿಗೆ ಹೂ ಬಿಡಿಸುವ ಮಾರ್ಚ್ ತಿಂಗಳ ಮಳೆ ಬಿದ್ದ ಮರುದಿನ ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಎದುರಾದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟ್?" ಹೊರಗಿನವರು ಕೇಳಿಸಿಕೊಂಡರೆ ಇವರ ಮನೆಯಲ್ಲಿ ಪಾಲಾಗುತ್ತಿದೆ ಎಂದುಕೊಳ್ಳುತ್ತಾರೆ.

ನಮ್ಮ ಪತ್ರಿಕೆಯ ಜಾಹೀರಾತು ವಿಭಾಗಕ್ಕೆ ಹೊಸದಾಗಿ ಬಂದ ಗುಮಾಸ್ತರೂ ಹಾಗೆಯೇ ಅಂದುಕೊಂಡರು. ಊರೂರಿನ ಮಳೆ ಲೆಕ್ಕ ಬರೆದುಕೊಳ್ಳುವ ಡೆಸ್ಕಿನ ಫೋನ್ ಬಿಡುವಿಲ್ಲದಿದ್ದಾಗ ಅವರ ಫೋನಿಗೆ ಒಂದು ಕರೆ ಹೋಯಿತು. ಹೆಂಗಸೊಬ್ಬರು ತಮ್ಮ ಹೆಸರು, ಫೋನ್ ನಂಬರು ಕೊಟ್ಟು, "ಚೆಟ್ಟಳ್ಳಿ, ನಲವತ್ತು ಸೆಂಟ್" ಎಂದು ಹೇಳಿ ಇಟ್ಟರು. ಮರುದಿನ 'ಜಾಗ ಮಾರಾಟಕ್ಕಿದೆ' ಎಂಬ ಕಲಮಿನಲ್ಲಿ ಅವರ ಹೆಸರು, ಫೋನ್ ನಂಬರಿನೊಂದಿಗೆ ಅದು ಅಚ್ಚಾಯಿತು. ಮಧ್ಯಾಹ್ನದೊಳಗೆ ಕುಶಾಲನಗರದಿಂದ ಒಂದು ಜೀಪಿನಲ್ಲಿ ಗಿರಾಕಿಗಳು ಹೋಗಿ ಅವರ ಅಂಗಳದಲ್ಲಿ ಇಳಿದರು.

"ನಲವತ್ತು ಸೆಂಟ್ ಉಂಟಂತಲ್ಲ ಅಮ್ಮ, ನೋಡಲಿಕ್ಕೆ ಬಂದೆವು."

"ಇತ್ತು," ಎಂದರಂತೆ ಆಕೆ. "ನಿನ್ನೆ ಬೆಳಿಗ್ಗೆಯೇ ಚೆಲ್ಲಿಬಿಟ್ಟೆ."

ಇವರು ಮುತ್ತಮ್ಮ ಆಂಟಿ. ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾಗಿ ಬಂದು ಚೆಟ್ಟಳ್ಳಿಯಲ್ಲಿ ತಮ್ಮ ಪಾಲಿನ ಕಾಫಿ ತೋಟ ನೋಡಿಕೊಳ್ಳುತ್ತಿದ್ದವರು. ಅವರನ್ನು ನಮ್ಮ ಮಳೆ ಪಟ್ಟಿಯಿಂದ ತೆಗೆದುಹಾಕುವ ಕೆಲಸ ಮುಂದೊಂದು ವರ್ಷ ನನ್ನ ತಲೆಗೆ ಬಂತು. ಆ ಪಟ್ಟಿ ನೋಡಿಕೊಳ್ಳಲು ನಾನು ಕೂರುತ್ತಿದ್ದ ಮೇಜಿಗೆ ಈಗ ಹೊಸದಾಗಿ ಬಂದಿರುವವರಿಗೆ ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಬೀಳ್ಕೊಡುಗೆಯ ಹಾರ ಇತ್ಯಾದಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಮಳೆ ವಿವರದ ಬಾಕ್ಸ್ ಪತ್ರಿಕೆಯ ಮೂರನೇ ಪುಟದ ಕೆಳಮೂಲೆಯಲ್ಲಿ ಬರುತ್ತದೆ. ಅದನ್ನು ಓದಿಯೇ ಮೊದಲ ಪುಟಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಅಂಕಿಗಳನ್ನು ಕಳಿಸುವವರು ಸಂಬಳದವರಲ್ಲ. ತಮ್ಮ ತಮ್ಮ ಅಂಗಳದಲ್ಲಿ ಮಳೆ ಮಾಪಕ ಇಟ್ಟುಕೊಂಡಿರುವ ತೋಟದವರು, ಮೇಷ್ಟ್ರುಗಳು, ಅಂಗಡಿಯವರು. ಇವರೆಲ್ಲ ಸೇರಿ ಮಾಡಿಕೊಂಡ ಕೆಲವು ಪುಟಗಳ ನಿಯಮಾವಳಿಗೆ 'ಅಳತೆ ಕ್ರಮ' ಎಂದು ಹೆಸರು. ಎಂಥ ಮಾಪಕ, ಎಲ್ಲಿ ಇಡಬೇಕು, ಯಾವ ಹೊತ್ತಿಗೆ ನೋಡಬೇಕು, ಹೇಗೆ ಬರೆಯಬೇಕು, ಹೇಗೆ ಹೇಳಬೇಕು, ಎಲ್ಲ ಅದರಲ್ಲಿ ಇರುತ್ತದೆ. ಒಬ್ಬರು ಲೋಟದಲ್ಲಿ, ಇನ್ನೊಬ್ಬರು ಬಕೆಟಿನಲ್ಲಿ ಅಳೆದರೆ ಮಡಿಕೇರಿಯ ಮಳೆಯನ್ನು ಕುಶಾಲನಗರದ ಮಳೆಯ ಪಕ್ಕದಲ್ಲಿ ಅಚ್ಚು ಹಾಕಿ ಪ್ರಯೋಜನವಿಲ್ಲ. ಆ ಕ್ರಮಕ್ಕೆ ತಿದ್ದುಪಡಿ ಬಂದಾಗ ಎಲ್ಲರನ್ನೂ ಒಪ್ಪಿಸುವ ಸಂಚಾಲಕನ ಕೆಲಸ, ಬಾಕ್ಸ್ ನೋಡಿಕೊಳ್ಳುವ ಉಪಸಂಪಾದಕನದು. ಎಲ್ಲರನ್ನೂ ಎಂದರೆ ಎಲ್ಲರನ್ನೂ. ನಮ್ಮಲ್ಲಿ ಮತ ಹಾಕುವ ಪದ್ಧತಿ ಇಲ್ಲ.

ಮೊದಲು ಇತ್ತು. ಅದು ಹೋದದ್ದು ಹೀಗೆ.

ಮಾಪಕವನ್ನು ಬೆಳಿಗ್ಗೆ ಯಾವ ಹೊತ್ತಿಗೆ ನೋಡಬೇಕು ಎಂದು ಒಂದು ಸಭೆಯಲ್ಲಿ ಚರ್ಚೆಗೆ ಬಂತು. ಮಡಿಕೇರಿ ಹತ್ತಿರದ ದೇವಸ್ಥಾನದ ಅರ್ಚಕರು ಶಂಭು ಭಟ್ಟರು, "ದಿನ ಹುಟ್ಟುವುದು ಸೂರ್ಯೋದಯಕ್ಕೆ. ಅದನ್ನು ನಾವು ನೀವು ಕೂತು ತೀರ್ಮಾನ ಮಾಡುವುದಲ್ಲ" ಎಂದರು. ವಿರಾಜಪೇಟೆ ಕಡೆಯ ಎಸ್ಟೇಟಿನ ರೈಟರ್ ದಾಮೋದರ, ಅಂದರೆ ಆಳುಗಳ ಹಾಜರಿ ನೋಡುವ ಗುಮಾಸ್ತ, "ಎಸ್ಟೇಟಿನಲ್ಲಿ ದಿನ ಹುಟ್ಟುವುದು ಹಾಜರಿ ಕೂಗಿದ ಮೇಲೆ ಭಟ್ರೇ. ಅದಕ್ಕೆ ಮೊದಲು ಸೂರ್ಯ ಬಂದರೂ ಅವನ ಹೆಸರು ಬರೆದುಕೊಳ್ಳುವುದಿಲ್ಲ" ಎಂದರು. ಕುಶಾಲನಗರದ ಶುಂಠಿ ವ್ಯಾಪಾರಿ ಹಂಸ, ನಮಗೆಲ್ಲ ಹಂಸಾಕ, ಅಂದರೆ ಹಂಸಣ್ಣ, ಅಂಗಡಿ ಬಾಗಿಲು ತೆಗೆದ ಮೇಲೆಯೇ ತಮಗೆ ದಿನ ಎಂದರು. ಮತಕ್ಕೆ ಹಾಕಿದೆವು. ಎಂಟು ಗಂಟೆ ಗೆದ್ದಿತು.

ಗೆದ್ದವರು ಎಂಟಕ್ಕೆ ನೋಡಿದರು. ಸೋತವರು ತಮ್ಮ ಹೊತ್ತಿಗೇ ನೋಡಿ, ಎಂಟಕ್ಕೆ ನೋಡಿದೆವೆಂದು ಹೇಳಿದರು. ಒಂದು ಮುಂಜಾನೆ ಸುರಿದ ಒಂದೇ ಮಳೆ ಭಟ್ಟರ ಲೆಕ್ಕದಲ್ಲಿ ಮಂಗಳವಾರಕ್ಕೂ ಹಂಸಾಕರ ಲೆಕ್ಕದಲ್ಲಿ ಸೋಮವಾರಕ್ಕೂ ಸೇರಿ, ಪತ್ರಿಕೆ ನೋಡಿದವರಿಗೆ ಜಿಲ್ಲೆಯಲ್ಲಿ ಎರಡು ದಿನ ಮಳೆಯಾದಂತೆ ಕಂಡಿತು. ಬಹುಮತದಿಂದ ಪಾಸಾದ ನಿಯಮವನ್ನು ಬಹುಮತದವರು ಮಾತ್ರ ಪಾಲಿಸುತ್ತಾರೆ. ಮಳೆ ಅಲ್ಪಮತದವರ ಮೇಲೂ ಬೀಳುತ್ತದೆ. ಇದನ್ನು ಬೇಕಾದರೆ ನಿಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ.

ಕೊನೆಗೆ ಎಂಟೂವರೆ ಎಂದು ಒಪ್ಪಿದರು. ಅದು ಯಾರಿಗೂ ಬೇಕಾದ ಹೊತ್ತಾಗಿರಲಿಲ್ಲ. ಆದ್ದರಿಂದ ಯಾರೂ ಗೆದ್ದಂತಾಗಲಿಲ್ಲ, ಎಲ್ಲರೂ ಪಾಲಿಸಿದರು.

ಇನ್ನೊಂದು ತಿದ್ದುಪಡಿ ನಮ್ಮ ಡೆಸ್ಕಿನ ತಪ್ಪಿನಿಂದ ಬಂದದ್ದು. ದಾಮೋದರ ಒಂದು ಬೆಳಿಗ್ಗೆ "ಐದು ಸೆಂಟ್" ಎಂದು ಫೋನಿನಲ್ಲಿ ಹೇಳಿದರು. ಬರೆದುಕೊಂಡವರು ಸೊನ್ನೆ, ಚುಕ್ಕೆ, ಐದು ಎಂದು ಬರೆದರು. ಪತ್ರಿಕೆಯಲ್ಲಿ ಅರ್ಧ ಇಂಚು ಬಂತು. ಮೈಸೂರಿನಲ್ಲಿದ್ದ ಎಸ್ಟೇಟ್ ಮಾಲೀಕರು ಅದನ್ನೋದಿ, ಹೂ ಬಿಡಲು ತೋಟಕ್ಕೆ ನೀರು ಹಾಯಿಸುತ್ತಿದ್ದ ಸ್ಪ್ರಿಂಕ್ಲರನ್ನು ನಿಲ್ಲಿಸಿ ಎಂದು ಫೋನ್ ಮಾಡಿದರು.

"ಸಾರ್, ಬಂದದ್ದು ಐದು ಸೆಂಟ್. ಎಲೆ ಮೇಲಿನ ಧೂಳೂ ತೊಳೆದಿಲ್ಲ."

"ಪೇಪರಿನಲ್ಲಿ ಅರ್ಧ ಇಂಚು ಅಂತ ಇದೆಯಲ್ಲ ದಾಮೋದರ?"

"ಪೇಪರಿಗೆ ಹೇಳಿದವನೇ ನಾನು ಸಾರ್."

"ಹಾಗಾದರೆ ಅವರಿಗೊಂದು ಹೇಳ್ತೀಯ, ನನಗೊಂದು ಹೇಳ್ತೀಯ!"

ದಾಮೋದರ ಮುಂದಿನ ಸಭೆಗೆ ಕೆಂಪಾದ ಮುಖ ಹೊತ್ತು ಬಂದರು. ಹತ್ತಕ್ಕಿಂತ ಕಡಿಮೆ ಸೆಂಟಿದ್ದರೆ 'ಸೊನ್ನೆ ಐದು' ಎಂದೇ ಹೇಳಬೇಕು, ಹಾಗೆಯೇ ಬರೆಯಬೇಕು ಎಂಬುದು ಅವರ ಸೂಚನೆ. ಎಲ್ಲರೂ ಒಪ್ಪಿದರು, ಭಟ್ಟರನ್ನು ಬಿಟ್ಟು. "ಬೆಳಿಗ್ಗೆ ಎದ್ದು ಪೂಜೆ ಮುಗಿಸಿ ಬಾಯಿಂದ ಮೊದಲು ಸೊನ್ನೆ ಬರಬೇಕಾ ಮಾರಾಯ್ರೆ?" ಎಂದು ಅವರು ಕೇಳಿದರು. ಮಧ್ಯಾಹ್ನದ ಊಟವಾದ ಮೇಲೆ ಹಂಸಾಕ ಒಂದು ದಾರಿ ಹುಡುಕಿದರು. ಬರೆಯುವಾಗ ಸೊನ್ನೆ ಐದು, ಹೇಳುವಾಗ 'ಬರೀ ಐದು'. ಈ 'ಬರೀ' ಎಂಬ ಪದ ನಮ್ಮ ಅಳತೆ ಕ್ರಮದಲ್ಲಿ ಇಂದಿಗೂ ಇದೆ. ಅದು ಬೇಸರದ ಮಾತಲ್ಲ, ಒಂದು ಅಂಕಿ. ಫೋನಿನಲ್ಲಿ ಯಾರಾದರೂ "ಬರೀ ಮೂರು" ಎಂದರೆ ನೀವು "ಪಾಪ" ಎನ್ನಬೇಡಿ. ಸೊನ್ನೆ ಹಾಕಿ, ಮೂರು ಹಾಕಿ.

ಒಪ್ಪಿಗೆಯ ಮಾತುಗಳನ್ನು ಕಲಿಯುವುದು ಅಂಕಿಗಳಿಗಿಂತ ಕಷ್ಟ. ನಮ್ಮ ಸಭೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಮನೆಮಾತಿನವರೂ ಇದ್ದಾರೆ. ಒಪ್ಪುವುದು, ಒಪ್ಪದಿರುವುದು ಮಾತ್ರ ಕನ್ನಡದಲ್ಲಿ. 'ಆಗಲಿ' ಎಂದರೆ ಒಪ್ಪಿಗೆ. 'ಆಗಬಹುದು' ಎಂದರೂ ಒಪ್ಪಿಗೆಯೇ, ಆದರೆ ಹೆಚ್ಚುಕಡಿಮೆಯಾದರೆ ನಿಮ್ಮ ತಲೆಗೆ. 'ಆಯ್ತು' ಎಂದರೆ ಕೇಳಿಸಿಕೊಂಡಿದ್ದೇನೆ, ಇನ್ನು ಊಟಕ್ಕೆ ಎಬ್ಬಿಸಿ. ಸುಮ್ಮನಿದ್ದರೆ ಬಾಯಲ್ಲಿ ಎಲೆಅಡಿಕೆ ಇದೆ. 'ನೋಡುವ' ಎಂದರೆ ಇಲ್ಲ. ಎದುರಿಗಿದ್ದವರ ಮುಖಕ್ಕೆ ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಯಾವಾಗಲೂ ನೋಡುತ್ತೇವೆ.

ಇದು ತಿಳಿಯದೆ ನಮ್ಮ ಸಂಪಾದಕರೊಬ್ಬರು ಸಿಕ್ಕಿಬಿದ್ದರು. ಬಯಲುಸೀಮೆಯಿಂದ ಬಂದ ಒಳ್ಳೆಯ ಪತ್ರಕರ್ತರು. ಇಂಚು, ಸೆಂಟು ಎಲ್ಲ ಹಳತು, ದೇಶವೆಲ್ಲ ಮಿಲಿಮೀಟರಿನಲ್ಲಿ ಅಳೆಯುವಾಗ ನಾವೇಕೆ ಹಿಂದೆ ಎಂದು ಸ್ವತಃ ಸಭೆಗೆ ಬಂದು ಭಾಷಣ ಮಾಡಿದರು. ಒಬ್ಬರಾದ ಮೇಲೊಬ್ಬರು ನಗುಮುಖದಲ್ಲಿ "ನೋಡುವ ಸಾರ್" ಎಂದರು. ಸಂಪಾದಕರು ಹೊರಗೆ ಬಂದು ನನ್ನ ಬೆನ್ನು ತಟ್ಟಿ, "ಎಷ್ಟು ಮುಕ್ತ ಮನಸ್ಸಿನ ಜನ ರೀ! ಎಲ್ಲರೂ ಮಾಡಿ ನೋಡೋಣ ಅಂದರು" ಎಂದರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಕಾರು ಹೊರಟಿತ್ತು. ಮರುದಿನವೇ ಮೊದಲ ಪುಟದಲ್ಲಿ ಪ್ರಕಟಣೆ.

ಆ ವಾರ ಬಂದ ಅಂಕಿಗಳನ್ನು ನೀವು ನೋಡಬೇಕಿತ್ತು. ಒಬ್ಬರು "ಇಪ್ಪತ್ತೈದು ಮಿಲಿಮೀಟರ್ ನಲವತ್ತು ಸೆಂಟ್" ಎಂದು ಕಳಿಸಿದರು. ಭಟ್ಟರು ಎಂದಿನಂತೆ ಸೆಂಟನ್ನೇ ಹೇಳಿ, ಮುಂದೆ ಮಿಲಿಮೀಟರ್ ಎಂಬ ಪದ ಸೇರಿಸಿದರು. ನಾಲ್ಕು ಸೆಂಟೆಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಭಟ್ಟರ ದೇವಸ್ಥಾನದಲ್ಲಿ ಆ ವಾರ ಉಳಿದ ಊರುಗಳ ನಾಲ್ಕರಷ್ಟು ಮಳೆಯಾಯಿತು. ಏನೋ ವಿಶೇಷ ನಡೆದಿದೆ ಎಂದು ಭಕ್ತರು ಬರತೊಡಗಿದರು. ಸಂಪಾದಕರು ನನ್ನನ್ನು ಒಳಗೆ ಕರೆದರು.

"ಎಲ್ಲರೂ ಒಪ್ಪಿದ್ದರಲ್ಲ ರೀ?"

"ಇಲ್ಲ ಸಾರ್, 'ನೋಡುವ' ಅಂದಿದ್ದರು."

"ಅದೇ ಅಲ್ಲವೇ?"

"ಅದಲ್ಲ ಸಾರ್."

ಅವರು ಮದುವೆಯ ಪ್ರಸ್ತಾಪವೊಂದಕ್ಕೂ ಇದೇ ಉತ್ತರ ಪಡೆದು ಕಾಯುತ್ತಿದ್ದರೆಂದು ಆಮೇಲೆ ಆಫೀಸಿನಲ್ಲಿ ಸುದ್ದಿ. ಅದನ್ನು ನಾನು ಖಚಿತಪಡಿಸಿಕೊಂಡಿಲ್ಲ, ಆದ್ದರಿಂದ ಸುದ್ದಿ ಎಂದಷ್ಟೇ ಬರೆದಿದ್ದೇನೆ.

ಮಿಲಿಮೀಟರ್ ಕೊನೆಗೆ ಬಂತು. ಅಳೆಯುವುದು, ಅಚ್ಚು ಹಾಕುವುದು ಮಿಲಿಮೀಟರಿನಲ್ಲಿ, ಮಾತಾಡುವುದು ಸೆಂಟಿನಲ್ಲಿ ಎಂದು ಹೊಸ ಕ್ರಮ. ಕಾಗದದ ಮೇಲೆ ಹಾಸ್ಯಾಸ್ಪದವಾಗಿ ಕಾಣುತ್ತದೆ. ಅಲ್ಲಿಂದ ಈಚೆಗೆ ಒಂದೂ ತಪ್ಪು ಅಂಕಿ ಬಂದಿಲ್ಲ.

ಇನ್ನು ಮುತ್ತಮ್ಮ ಆಂಟಿಯ ವಿಷಯ.

ನಾನು ನಿವೃತ್ತನಾಗುವ ಕೆಲವು ವರ್ಷ ಮೊದಲು ಲೋಕೇಶ ಎಂಬ ಭೂಗೋಳದ ಉಪನ್ಯಾಸಕರು ನಮ್ಮ ಮಳೆ ಬಳಗಕ್ಕೆ ಸೇರಿದರು. ಅಷ್ಟರಲ್ಲಿ ಪೋಸ್ಟ್ ಕಾರ್ಡ್ ಹೋಗಿ, ಫೋನ್ ಕಡಿಮೆಯಾಗಿ, ವಾಟ್ಸಾಪ್ ಗುಂಪು ಬಂದಿತ್ತು. ಚುರುಕಿನ ಮನುಷ್ಯ, ತಪ್ಪು ಕಂಡರೆ ರಾತ್ರಿ ನಿದ್ದೆ ಬಾರದವರು. ಅವರು ತಂದ ತಿದ್ದುಪಡಿ ಒಂದೇ ಸಾಲಿನದು. ಮಾಪಕದ ಹತ್ತಿರ ಮರವೋ ಕಟ್ಟಡವೋ ಇದ್ದರೆ, ಅದರ ಎತ್ತರದ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಇಲ್ಲದಿದ್ದರೆ ಆ ಠಾಣೆಯನ್ನು, ಅಂದರೆ ಆ ಮಾಪಕದ ಊರನ್ನು, ಪಟ್ಟಿಯಿಂದ ತೆಗೆಯಬೇಕು. ಮರ ಮಳೆಯನ್ನು ತಡೆಯುತ್ತದೆ, ಇಲ್ಲವೇ ಎಲೆಯಿಂದ ಹನಿಸುತ್ತದೆ. ವಿಜ್ಞಾನದ ದೃಷ್ಟಿಯಿಂದ ಸಂಪೂರ್ಣ ಸರಿ. ಆದರೆ ಆ ಸಾಲು ಓದಿದ ಕೂಡಲೇ ಬಳಗದ ಎಲ್ಲರ ಕಣ್ಣ ಮುಂದೆ ಬಂದದ್ದು ಒಂದೇ ಮರ: ಚೆಟ್ಟಳ್ಳಿಯಲ್ಲಿ ಮುತ್ತಮ್ಮ ಆಂಟಿಯ ಮಾಪಕದ ಪಕ್ಕದ ಸಿಲ್ವರ್ ಓಕ್. ನೆತ್ತಿಯವರೆಗೆ ಕರಿಮೆಣಸಿನ ಬಳ್ಳಿ ಹಬ್ಬಿದ್ದ, ಮಾಪಕದ ಮೇಲೆ ಬಾಗಿ ನಿಂತಿದ್ದ ಮರ.

ಅವರ ಮುಂದೆ ಎರಡೇ ದಾರಿ: ಮರ ಕಡಿಸಬೇಕು, ಇಲ್ಲವೇ ಪಟ್ಟಿಯಿಂದ ಹೋಗಬೇಕು. ನಮ್ಮ ಕ್ರಮದ ಪ್ರಕಾರ ಈ ತಿದ್ದುಪಡಿ ಪಾಸಾಗಬೇಕಾದರೆ ಅವರೂ ಒಪ್ಪಬೇಕು. ತನ್ನ ಹೆಸರನ್ನು ತೆಗೆಯಲು ತಾನೇ 'ಆಗಲಿ' ಎನ್ನಬೇಕು. ಅವರನ್ನು ಕೇಳಿ ಬರುವ ಭಾಗ್ಯ ಸಂಚಾಲಕನದು.

ಹೋದೆ. ಅವರು ಮಾಪಕದ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು, ಮರದ ನೆರಳಿನಲ್ಲಿ.

"ಕಣದಲ್ಲಿ ಜಾಗ ಬಯಲಾಗಿದೆಯಲ್ಲ ಆಂಟಿ, ಮಾಪಕವನ್ನು ಅಲ್ಲಿಗೆ ಸಾಗಿಸಬಹುದಲ್ಲ?" ಎಂದೆ. ಕಾಫಿ ಒಣಗಿಸುವ ಕಣವೊಂದೇ ಅವರಲ್ಲಿ ಆಗ ತಲೆ ಮೇಲೆ ಆಕಾಶ ಕಾಣುವ ಜಾಗ.

"ಪಿಕ್ಕಿಂಗ್ ಶುರುವಾದರೆ ಕಾಫಿ ಜೊತೆ ಅದನ್ನೂ ಗುಡಿಸಿ ಮೂಟೆ ಕಟ್ತಾರೆ. ಉಳಿದ ದಿನ ಕೋಳಿ ಅದರ ಮೇಲೆ ಕೂರ್ತದೆ. ಕೋಳಿ ಮಾಡಿದ್ದನ್ನು ಎಷ್ಟು ಸೆಂಟ್ ಅಂತ ಬರೀಲಿ ರಾಯರೇ?"

"ಮರ..."

"ಅದರಲ್ಲಿ ಬಿಡುವಷ್ಟು ಮೆಣಸು ಈ ತೋಟದ ಬೇರೆ ಯಾವ ಬಳ್ಳಿಯಲ್ಲೂ ಇಲ್ಲ. ನೀವು ನಿಮ್ಮ ಪೆನ್ನು ಮುರೀತೀರಾ?"

"ಹಾಗಾದರೆ ಪಟ್ಟಿ ಬಿಡಬೇಕಾಗ್ತದೆ," ಎಂದೆ, ಆದಷ್ಟು ಮೆಲ್ಲಗೆ.

"ಗೋಣಿಕೊಪ್ಪದಲ್ಲಿ ನನ್ನ ಅಕ್ಕ ಇದ್ದಾಳೆ, ನಿಮಗೆ ಗೊತ್ತಲ್ಲ. ದಿನಾ ಪೇಪರ್ ನೋಡಿ ಫೋನ್ ಮಾಡ್ತಾಳೆ, ನಮ್ಮಲ್ಲಿ ನಿನಗಿಂತ ಹತ್ತು ಸೆಂಟ್ ಜಾಸ್ತಿ, ಇಪ್ಪತ್ತು ಸೆಂಟ್ ಜಾಸ್ತಿ ಅಂತ. ಚಿಕ್ಕಂದಿನಿಂದ ಅವಳದ್ದೇ ಜಾಸ್ತಿ. ನನ್ನದು ಜಾಸ್ತಿಯಾದ ದಿನ ನಾನು ಮಾಡ್ತೇನೆ. ನಮಗೆ ಮಾತಾಡಲಿಕ್ಕೆ ಬೇರೆ ವಿಷಯ ಇಲ್ಲ. ಬೇರೆ ವಿಷಯ ತೆಗೆದರೆ ಜಗಳ ಆಗ್ತದೆ."

ನಾನು ತಲೆಯಾಡಿಸಿದೆ. ಪಟ್ಟಿಯ ಒಂದು ಸಾಲು ಎಂದು ನಾನು ತಿಳಿದದ್ದು ಅವರಿಬ್ಬರ ನಡುವಿನ ಸೇತುವೆ.

"ಸಭೆಗೆ ಬರ್ತೇನೆ," ಎಂದರು. "ನೋಡುವ."

ಕೆಲಸ ಕೆಟ್ಟಿತು ಎಂದುಕೊಂಡು ಮಡಿಕೇರಿಗೆ ಬಂದೆ.

ಸಭೆಯಲ್ಲಿ ಲೋಕೇಶ ತಿದ್ದುಪಡಿಯನ್ನು ಓದಿದರು. ಯಾರೂ ಮುತ್ತಮ್ಮ ಆಂಟಿಯ ಕಡೆ ನೋಡಲಿಲ್ಲ. ಎಲ್ಲರೂ ಫ್ಯಾನನ್ನು ನೋಡಿದರು. ನಾನು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಭಟ್ಟರು ಆಗಲಿ ಎಂದರು. ದಾಮೋದರ ಆಗಲಿ ಎಂದರು. ಹಂಸಾಕ ಆಗಬಹುದು ಎಂದರು. ಉಳಿದವರದೂ ಆಯಿತು. ಕೊನೆಗೆ ಚೆಟ್ಟಳ್ಳಿ.

"ಆಗಲಿ," ಎಂದರು ಮುತ್ತಮ್ಮ ಆಂಟಿ.

ಹಂಸಾಕ ಬಗ್ಗಿ ನನ್ನ ಕಿವಿಯಲ್ಲಿ, "ಇದು ಯಾವ ಆಗಲಿ ಸಾರ್?" ಎಂದರು. ನನಗೂ ಗೊತ್ತಾಗಲಿಲ್ಲ.

"ಒಂದೇ ಮಾತು," ಆಂಟಿ ಮುಂದುವರಿಸಿದರು. "ನನ್ನ ಮರವನ್ನು ಅಳೆಯುವ ಟೇಪಿನಲ್ಲೇ ಎಲ್ಲರ ಮರವನ್ನೂ ಅಳೆಯಬೇಕು. ನಾನೂ ಜೊತೆಗೆ ಬರ್ತೇನೆ. ಜೀಪಿನಲ್ಲಿ ಮುಂದಿನ ಸೀಟು ನನ್ನದು, ಸೊಂಟ ನೋವು."

ನ್ಯಾಯವಾದ ಮಾತು. ಲೋಕೇಶರಿಗೆ ಬಹಳ ಸಂತೋಷವಾಯಿತು. ಅಳೆಯುವುದೆಂದರೆ ಅವರಿಗೆ ಹಬ್ಬ.

ಮೊದಲು ದೇವಸ್ಥಾನಕ್ಕೆ ಹೋದೆವು. ಭಟ್ಟರ ಮಾಪಕ ಹೆಂಚಿನ ಮಾಡಿಗೂ ಸಂಪಿಗೆ ಮರಕ್ಕೂ ನಡುವೆ ಇತ್ತು. ಲೋಕೇಶ ಟೇಪ್ ತೆಗೆದರು.

"ಅದು ದೇವರ ಮರ. ಎತ್ತರ ಅಳೆಯಬಾರದು," ಎಂದರು ಭಟ್ಟರು.

"ನೆರಳನ್ನು ಅಳೆದು ಲೆಕ್ಕ ಹಾಕ್ತೇನೆ ಭಟ್ರೇ, ಮರ ಮುಟ್ಟುವುದಿಲ್ಲ."

"ನೆರಳಿನಲ್ಲಿ ದೇವರಿಲ್ಲ ಅಂತ ನಿಮಗೆ ಯಾರು ಹೇಳಿದರು?"

ಆದರೂ ಅಳೆದರು. ದೂರ ಸಾಲದೆ ಠಾಣೆ ಬಿತ್ತು. ಮುತ್ತಮ್ಮ ಆಂಟಿ ಮುಂದಿನ ಸೀಟಿನಿಂದ, "ಪಾಪ ಭಟ್ರು" ಎಂದರು.

ದಾಮೋದರರ ಎಸ್ಟೇಟಿನಲ್ಲಿ ಮಾಪಕ ಬಂಗಲೆಯ ಮುಂದಿನ ಹುಲ್ಲಿನ ಮೇಲೆ ರಾಜನಂತೆ ಕೂತಿತ್ತು. ಅದರ ಬೆನ್ನಿಗೇ ದೊಡ್ಡ ಹಲಸಿನ ಮರ. "ಗೇಜ್ ಇಟ್ಟಾಗ ಮರ ಇರಲಿಲ್ಲ ಸಾರ್. ಗೇಜ್ ಇಂದಿಗೂ ಇಟ್ಟಲ್ಲೇ ಇದೆ. ಮರವೇ ಬಂದದ್ದು. ತಪ್ಪು ಯಾರದು?" ಎಂದು ದಾಮೋದರ ವಾದಿಸಿದರು. ಲೋಕೇಶರ ನಿಯಮದಲ್ಲಿ ಮೊದಲು ಬಂದವರಿಗೆ ರಿಯಾಯಿತಿ ಇರಲಿಲ್ಲ. ಆ ಠಾಣೆಯೂ ಬಿತ್ತು.

ಕುಶಾಲನಗರದಲ್ಲಿ ಹಂಸಾಕ ಹೆಮ್ಮೆಯಿಂದ ತಾರಸಿಗೆ ಕರೆದೊಯ್ದರು. "ನೋಡಿ, ಒಂದು ಗಿಡ ಇಲ್ಲ." ಗಿಡವಿರಲಿಲ್ಲ. ಮಾಪಕದ ಪಕ್ಕದಲ್ಲಿ ನೀರಿನ ಟ್ಯಾಂಕ್ ಇತ್ತು. ನಾವು ನೋಡುತ್ತಿದ್ದಂತೆಯೇ ಅದು ತುಂಬಿ ಉಕ್ಕಿ, ಬಿಸಿಲಿನ ನಡುಮಧ್ಯಾಹ್ನ ಮಾಪಕದೊಳಗೆ ಹನಿಯತೊಡಗಿತು.

"ಇದನ್ನು ಎಷ್ಟು ಸೆಂಟ್ ಅಂತ ಕಳಿಸ್ತೀರಿ ಹಂಸಾಕ?" ಎಂದರು ಮುತ್ತಮ್ಮ ಆಂಟಿ.

"ದಿನಾ ಮೋಟಾರ್ ಹಾಕುವುದು ಎಂಟೂವರೆ ಆದ ಮೇಲೆಯೇ ಆಂಟಿ."

"ಹಾಗಾದರೆ ಇದು ನಾಳೆಯ ಲೆಕ್ಕಕ್ಕೆ."

ಹೀಗೆ ಜಿಲ್ಲೆ ಸುತ್ತಿದೆವು. ನೆರಳಿನಲ್ಲಿ ಕಾಫಿ ಬೆಳೆಯುವ ನಾಡಿನಲ್ಲಿ ಬಯಲು ಹುಡುಕಿಕೊಂಡು ಹೊರಟಿದ್ದೆವು. ಹೋದಲ್ಲೆಲ್ಲ ಕಾಫಿ ಕುಡಿಸಿದರು, ಬಾಳೆಗೊನೆ ಕೊಟ್ಟರು, ಠಾಣೆ ಕಳೆದುಕೊಂಡರು. ಕೊನೆಗೆ ಉಳಿದದ್ದು ಲೋಕೇಶರ ಕಾಲೇಜು. ಅವರು ಮಾಪಕ ಇಟ್ಟಾಗ ಅದರ ಸುತ್ತ ಮೈದಾನವೇ ಇತ್ತು. ಈಗ ಪಕ್ಕದಲ್ಲಿ ಮೂರು ಅಂತಸ್ತಿನ ಹೊಸ ಕಟ್ಟಡ ಏಳುತ್ತಿತ್ತು. ಅವರು ದಿನಾ ಅದರ ಎದುರಿನಿಂದಲೇ ಮಾಪಕ ನೋಡಲು ಹೋಗುತ್ತಿದ್ದರು. ಯಾಕೋ ಕಟ್ಟಡ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಟೇಪನ್ನು ಬಿಚ್ಚಿದರು, ಕಟ್ಟಡ ನೋಡಿದರು, ಮತ್ತೆ ಸುತ್ತಿಟ್ಟರು.

"ಅಳೆಯಿರಿ ಮಗಾ," ಎಂದರು ಆಂಟಿ, ಮೇಟ್ರನ್ ದನಿಯಲ್ಲಿ. "ಸ್ವಲ್ಪ ನೋಯ್ತದೆ, ಅಷ್ಟೇ."

ಹೊಸ ನಿಯಮದ ಪ್ರಕಾರ ಪಟ್ಟಿಯಲ್ಲಿ ಒಂದೂ ಊರು ಉಳಿಯಲಿಲ್ಲ. ಸುದ್ದಿ ಕೇಳಿ ಜಾಹೀರಾತು ವಿಭಾಗದವರು ಬಾಕ್ಸಿನ ಜಾಗಕ್ಕೆ ಆಗಲೇ ಒಂದು ಟೈರ್ ಅಂಗಡಿಯನ್ನು ಗೊತ್ತುಮಾಡಿದ್ದರು.

ಮತ್ತೆ ಸಭೆ ಸೇರಿತು. ಈ ಸಲ ಲೋಕೇಶರೇ ಎದ್ದು ತಮ್ಮ ತಿದ್ದುಪಡಿಗೆ ತಿದ್ದುಪಡಿ ತಂದರು. ಯಾರನ್ನೂ ತೆಗೆಯುವುದು ಬೇಡ. ಪ್ರತಿ ಊರಿನ ಮುಂದೆ ಒಂದಕ್ಷರ ಹಾಕೋಣ. ಮರವಿದ್ದರೆ 'ಮ', ಕಟ್ಟಡವಿದ್ದರೆ 'ಕ', ತಾರಸಿಯಾದರೆ 'ತ'. ಓದುವವರಿಗೆ ಅಂಕಿಯ ಜೊತೆ ಅದರ ಕೊರತೆಯೂ ಗೊತ್ತಾಗಲಿ. ಕೊರತೆಯನ್ನು ಮುಚ್ಚದೆ, ಜನರನ್ನೂ ಬಿಡದೆ ಬರೆದ ಆ ಸಾಲು ನಮ್ಮ ಅಳತೆ ಕ್ರಮದಲ್ಲೇ ಅತ್ಯುತ್ತಮ ಎಂದು ನನ್ನ ಅಭಿಪ್ರಾಯ. ಎಲ್ಲರೂ ಉಸಿರು ಬಿಟ್ಟರು. ನಾನು ಕೇಳುತ್ತ ಹೋದೆ: ಆಗಲಿ, ಆಗಲಿ, ಆಗಲಿ.

"ನನ್ನನ್ನು ಕೇಳಬೇಡಿ," ಎಂದರು ಮುತ್ತಮ್ಮ ಆಂಟಿ. "ಹೋದ ಸಭೆಯಲ್ಲಿ ನಾನೇ ಒಪ್ಪಿ ಹೋದವಳು. ನಾನೀಗ ಸದಸ್ಯೆಯೇ ಅಲ್ಲ."

"ಆ ಲೆಕ್ಕದಲ್ಲಿ ಇಲ್ಲಿ ಯಾರೂ ಸದಸ್ಯರಲ್ಲ ಆಂಟಿ," ಎಂದರು ದಾಮೋದರ.

"ಹಾಗಾದರೆ ಈಗ ಆಗಲಿ ಅಂದವರೆಲ್ಲ ಯಾರು?"

ಆಂಟಿ ಕ್ರಮದ ಪ್ರಶ್ನೆ ಎತ್ತಿದ್ದರು, ಅದೂ ಸರಿಯಾದ ಪ್ರಶ್ನೆ. ಸದಸ್ಯರೇ ಇಲ್ಲದ ಬಳಗ ತಿದ್ದುಪಡಿ ಮಾಡುವುದು ಹೇಗೆ? ಒಬ್ಬೊಬ್ಬರನ್ನೂ ಉಳಿದವರು ಮರಳಿ ಸೇರಿಸಿಕೊಳ್ಳಬೇಕಾಯಿತು. ಸೇರಿಸಿಕೊಳ್ಳಲು ಯಾರಾದರೂ ಮೊದಲು ಒಳಗಿರಬೇಕು. ಬಹಳ ಚರ್ಚೆಯಾಗಿ, ಯಾವ ಮರವೂ ಇಲ್ಲದ ಒಬ್ಬನೇ ವ್ಯಕ್ತಿ ಸಂಚಾಲಕ ಎಂದು ತೀರ್ಮಾನಿಸಿದರು; ನನ್ನಲ್ಲಿ ಮಾಪಕವೇ ಇರಲಿಲ್ಲ. ನಾನು ಭಟ್ಟರನ್ನು ಸೇರಿಸಿಕೊಂಡೆ, ನಾವಿಬ್ಬರು ದಾಮೋದರರನ್ನು ಸೇರಿಸಿಕೊಂಡೆವು, ಹಾಗೆ ಸಾಲಾಗಿ. ಸಂಜೆಯ ಹೊತ್ತಿಗೆ ಕೊನೆಯವರಾಗಿ ಮುತ್ತಮ್ಮ ಆಂಟಿಯ ಸರದಿ. ಅವರು ಎಲ್ಲರ ಬಾಯಿಂದಲೂ ಕೇಳಿಸುವಂತೆ ಹೇಳಿಸಿಕೊಂಡರು. ತಲೆಯಾಡಿಸಿದ ಹಂಸಾಕರನ್ನು ಎಬ್ಬಿಸಿ ನಿಲ್ಲಿಸಿದರು.

ಅಕ್ಷರಗಳೊಂದಿಗೆ ಬಾಕ್ಸ್ ಅಚ್ಚಾದ ದಿನ ಡೆಸ್ಕಿನ ಫೋನ್ ಸುಮ್ಮನಿರಲಿಲ್ಲ. ಮಾರ್ಕ್ಸ್ ಕಾರ್ಡಿನಂತೆ ಕಂಡಿತೋ ಏನೋ, 'ಮ' ಒಳ್ಳೆಯದೋ 'ಕ' ಒಳ್ಳೆಯದೋ ಎಂದು ಓದುಗರು ಕೇಳಿದರು. ಗೋಣಿಕೊಪ್ಪದ ಅಕ್ಕನ ಊರಿಗೆ 'ಕ' ಸಿಕ್ಕಿತ್ತು. ಚೆಟ್ಟಳ್ಳಿಗೆ ಮಾತ್ರ ತಂಗಿಯ ಹೆಸರಿನ ಮೊದಲಕ್ಷರವನ್ನೇ ಹಾಕಿದ್ದೀರೆಂದು, ಇದು ಪಕ್ಷಪಾತವೆಂದು ಆಕೆ ನನಗೇ ಫೋನ್ ಮಾಡಿದರು.

ಮುಂದಿನ ಜೂನಿನ ಗಾಳಿಯಲ್ಲಿ ಸಿಲ್ವರ್ ಓಕ್ ಬುಡದಿಂದ ಮುರಿದು ಬಿತ್ತು, ಮೆಣಸಿನ ಬಳ್ಳಿಯ ಸಮೇತ. ಮಾಪಕಕ್ಕೆ ಏನೂ ಆಗಲಿಲ್ಲ. ಆಂಟಿ ಮೊದಲು ಆ ದಿನದ ಮಳೆ ಹೇಳಿ, ಆಮೇಲೆ ಮರದ ಸುದ್ದಿ ಹೇಳಿದರು. ನಾನು ವಿಷಾದ ತಿಳಿಸಿದೆ. ಲೋಕೇಶ ಗುಂಪಿನಲ್ಲಿ, ಮರ ಹೋದ ಕಾರಣ ಚೆಟ್ಟಳ್ಳಿ ಈಗ ಜಿಲ್ಲೆಯ ಏಕೈಕ ನಿರ್ದೋಷ ಠಾಣೆ, 'ಮ' ತೆಗೆಯಲು ಎಲ್ಲರ ಒಪ್ಪಿಗೆ ಬೇಕು ಎಂದು ಬರೆದರು. ಎಲ್ಲರೂ ಒಪ್ಪಿದರು, ಆಂಟಿಯೊಬ್ಬರನ್ನು ಬಿಟ್ಟು.

"ಎಲ್ಲರಿಗೂ ಒಂದೊಂದು ಅಕ್ಷರ ಇರುವಾಗ ನನಗೊಬ್ಬಳಿಗೆ ಇಲ್ಲದಿದ್ದರೆ ಅಕ್ಕ ಏನಂದುಕೊಳ್ತಾಳೆ?" ಎಂದರು.

ಲೋಕೇಶರಿಗೆ ನಿದ್ದೆ ಹತ್ತಲಿಲ್ಲ. ಇಲ್ಲದ ಮರವನ್ನು ಇದೆ ಎಂದು ಅಚ್ಚು ಹಾಕುವುದು ನನಗೂ ಕಷ್ಟವಾಗಿತ್ತು; ದಾಖಲೆ ಎಂದ ಮೇಲೆ ದಾಖಲೆ. ಇಬ್ಬರೂ ಚೆಟ್ಟಳ್ಳಿಗೆ ಹೋದೆವು. ಮುರಿದ ಬುಡದ ಪಕ್ಕದಲ್ಲಿ, ಮಾಪಕದಿಂದ ಒಂದು ಮಾರು ದೂರಕ್ಕೆ, ಆಂಟಿ ಹೊಸ ಸಿಲ್ವರ್ ಓಕ್ ಸಸಿ ನೆಟ್ಟು ಕಡ್ಡಿ ಊರಿ ಕಟ್ಟಿದ್ದರು. ಲೋಕೇಶ ಮಂಡಿಯೂರಿ ಕೂತು ಟೇಪ್ ಹಿಡಿದರು. ಸಸಿ ಅವರ ಗೇಣಿಗಿಂತ ಸ್ವಲ್ಪ ಎತ್ತರವಿತ್ತು. ಅದರ ಎರಡರಷ್ಟು ಲೆಕ್ಕ ಹಾಕಿ, ಮಾಪಕಕ್ಕೆ ಇರುವ ದೂರವನ್ನೂ ಅಳೆದು ತಲೆಯೆತ್ತಿದರು.

"ಇದು ತಡೆ ಆಗುವುದಿಲ್ಲ ಆಂಟಿ. 'ಮ' ಬರುವುದಿಲ್ಲ."

ಮುತ್ತಮ್ಮ ಆಂಟಿ ನಮ್ಮಿಬ್ಬರಿಗೂ ಕುರ್ಚಿ ಎಳೆದು ಹಾಕಿದರು.

"ಕೂತುಕೊಳ್ಳಿ," ಎಂದರು. "ಬೆಳೀತದೆ."